ಉಸುಕಿನಲ್ಲಿ ಓಡಿದವರ ಕತೆ

ಕಳೆದ ವರ್ಷ ನಮ್ಮ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ಸುದ್ದಿ ಮಾಡಲು ಹೋಗಿದ್ದೆ. ಲಾಂಗ್ ಜಂಪ್ ನಡೆಯುವ ಜಾಗಕ್ಕೆ ನಾಲ್ಕು ಗೂಟ ಹೊಡೆದು ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಒಳಗೆ ಉಸುಕು ಇರಲಿಲ್ಲ. ಹಿಂದಿನ ದಿನ ಗುದ್ದಲಿಯಿಂದ ಅಗೆದು ಸಡಿಲ ಮಾಡಿದ ಎರೆಮಣ್ಣು ಇತ್ತು. ರಾತ್ರಿ ಮಳೆ ಹನಿದು, ಬೆಳಿಗ್ಗೆ ಬಿಸಿಲು ಬಿದ್ದು ಅದು ಹೆಂಟೆ ಹೆಂಟೆಯಾಗಿತ್ತು. ಏಳನೇ ತರಗತಿಯ ಒಬ್ಬ ಹುಡುಗಿ ಎರಡನೇ ಸಲ ಹಾರಿದಾಗ ಪಾದ ಹೊರಳಿತು. ಅಲ್ಲೇ ಕೂತುಬಿಟ್ಟಳು. ಮೊದಲನೇ ಸಲ ಹಾರಿದ್ದರಲ್ಲಿ ಅವಳೇ ಮುಂದಿದ್ದಳು. ಐಸ್ ಕ್ಯಾಂಡಿ ಮಾರುವವನ ಡಬ್ಬಿಯಿಂದ ಐಸ್ ತಂದು ಕಾಲಿಗೆ ಇಟ್ಟರು.

ಅವತ್ತು ಸಂಜೆ ಬೈಕಿನಲ್ಲಿ ಮನೆಗೆ ಬರುವಾಗ ಅದೇ ಶಾಲೆಯ ಮುಂದಿನ ರಸ್ತೆಯಲ್ಲಿ ಉಸುಕು ತುಂಬಿದ ಟ್ರ್ಯಾಕ್ಟರ್‌ಗಳು ಹೋಗುತ್ತಿದ್ದವು. ಸುಮ್ಮನೆ ಎಣಿಸಿದೆ. ನಮ್ಮೂರು ಮುಟ್ಟುವುದರೊಳಗೆ ಏಳು.

ನಾನು ಜಿಲ್ಲಾ ಸ್ಟ್ರಿಂಗರ್ ಆಗಿ ಹತ್ತು ವರ್ಷ ದಾಟಿತು. ಉಸುಕಿನ ಬಗ್ಗೆ ಎಷ್ಟು ಸುದ್ದಿ ಬರೆದಿದ್ದೇನೋ ಲೆಕ್ಕವಿಲ್ಲ. ಅಕ್ರಮ ಸಾಗಣೆ, ದಾಳಿ, ಜಪ್ತಿ, ದಂಡ, ಮತ್ತೆ ಅಕ್ರಮ ಸಾಗಣೆ. ಆದರೆ ಉಸುಕು ಮನುಷ್ಯನ ಕಾಲಿಗೆ ಏನು ಕೊಟ್ಟಿದೆ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ. ಆ ಹುಡುಗಿ ಕಾಲು ಹಿಡಿದು ಕೂತದ್ದು ನೋಡಿದ ಮೇಲೆ ಹಳೆಯ ಪುಸ್ತಕ, ಹಳೆಯ ಓಟದ ದಾಖಲೆ ಹುಡುಕಿ ಓದತೊಡಗಿದೆ. ಸಿಕ್ಕಿದ್ದನ್ನು ನಿಮಗೆ ಹೇಳುತ್ತೇನೆ.

ಹೊಳೆ ದಂಡೆಯ ಮೈದಾನ

ಮೊದಲು ನಮ್ಮದೇ ಕತೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಶಾಲೆಗೆ ಸರಿಯಾದ ಮೈದಾನ ಇರಲಿಲ್ಲ. ಇದ್ದ ಜಾಗದಲ್ಲಿ ಅರ್ಧ ಊರಿನವರು ಜೋಳ ಒಣಗಿಸುತ್ತಿದ್ದರು. ತಾಲ್ಲೂಕು ಕ್ರೀಡಾಕೂಟಕ್ಕೆ ತಿಂಗಳು ಇರುವಾಗ ನಮ್ಮ ಪಿ.ಟಿ. ಮಾಸ್ತರು ಬೆಳಿಗ್ಗೆ ಐದೂವರೆಗೆ ನಮ್ಮನ್ನು ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಆ ವರ್ಷ ಮಳೆ ತಡವಾಗಿತ್ತು. ಹೊಳೆ ಒಂದು ಬದಿಗೆ ಸರಿದು, ಈ ಬದಿಗೆ ಕಣ್ಣಿಗೆ ಕಾಣುವಷ್ಟು ದೂರ ಉಸುಕು.

ಮಾಸ್ತರು ಹೇಳುತ್ತಿದ್ದದ್ದು ಮೂರೇ ಕೆಲಸ. ಚಪ್ಪಲಿ ಬಿಡಿ. ಆ ಲಕ್ಕಿ ಗಿಡದವರೆಗೆ ಓಡಿ. ನಡೆಯುತ್ತಾ ವಾಪಸ್ ಬನ್ನಿ. ಮೊದಲ ದಿನ ನಾಲ್ಕನೇ ಸಲಕ್ಕೆ ನಮ್ಮ ಮೀನಖಂಡ ಕಲ್ಲಾಗಿತ್ತು. ಎಷ್ಟು ಜೋರಾಗಿ ಒತ್ತಿದರೂ ಕಾಲು ಹಿಂದಕ್ಕೇ ಜಾರುತ್ತದೆ. ಮೂರು ವಾರ ಕಳೆದು ಗಟ್ಟಿ ನೆಲದಲ್ಲಿ ಓಡಿದಾಗ ಮೈ ಹಗುರಾಗಿ, ಯಾರೋ ಹಿಂದಿನಿಂದ ತಳ್ಳಿದ ಹಾಗಾಯಿತು. ಆ ವರ್ಷ ನಮ್ಮ ಶಾಲೆಗೆ ರಿಲೇಯಲ್ಲಿ ಎರಡನೇ ಸ್ಥಾನ ಬಂತು. ಅಷ್ಟೇ. ಅದಕ್ಕಿಂತ ದೊಡ್ಡದೇನೂ ಆಗಲಿಲ್ಲ. ಆದರೆ ಉಸುಕಿನಲ್ಲಿ ಓಡುವುದು ಮಾಸ್ತರು ತಮ್ಮ ತಲೆಯಿಂದ ಕಂಡುಹಿಡಿದ ಉಪಾಯ ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಅದಕ್ಕೆ ಎರಡು ಸಾವಿರ ವರ್ಷಕ್ಕೂ ಮೀರಿದ ಚರಿತ್ರೆ ಇದೆ ಎಂದು ಗೊತ್ತಾಗಿದ್ದು ಈಗ.

ಗ್ರೀಕರ ಹೊಂಡ, ನಮ್ಮ ಗರಡಿ

ಒಲಿಂಪಿಕ್ಸ್ ಹುಟ್ಟಿದ್ದು ಗ್ರೀಸ್ ದೇಶದಲ್ಲಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ಹುಡುಗರು ತಾಲೀಮು ಮಾಡುವ ಜಾಗಕ್ಕೆ ಪಲೆಸ್ಟ್ರಾ ಎನ್ನುತ್ತಿದ್ದರು. ನಡುವೆ ತೆರೆದ ಅಂಗಳ, ಸುತ್ತ ಕಂಬದ ಪಡಸಾಲೆ. ಅಗೆದು ಸಡಿಲ ಮಾಡಿದ ಮೆತ್ತನೆಯ ಕಣಕ್ಕೆ ಅವರ ಭಾಷೆಯಲ್ಲಿ ಸ್ಕಾಮ್ಮಾ ಎಂದು ಹೆಸರು. ಕುಸ್ತಿಗೂ ಅಂಥ ನೆಲವೇ, ಹಾರಿ ಬೀಳುವುದಕ್ಕೂ ಅಂಥ ನೆಲವೇ.

ಆ ಕಾಲದ ಮಣ್ಣಿನ ಪಾತ್ರೆಗಳ ಮೇಲೆ ಬರೆದ ಚಿತ್ರಗಳು ಈಗಲೂ ಉಳಿದಿವೆ. ಅವುಗಳಲ್ಲಿ ಕ್ರೀಡಾಪಟುಗಳ ಜೊತೆ ಒಂದು ಪಿಕಾಸಿ ಕಾಣುತ್ತದೆ. ಆಟದ ಚಿತ್ರದಲ್ಲಿ ಪಿಕಾಸಿಗೆ ಏನು ಕೆಲಸ? ನೆಲ ಅಗೆಯುವುದು. ಕಣವನ್ನು ಆಡುವವರೇ ಅಗೆದು ಹದ ಮಾಡಿಕೊಳ್ಳಬೇಕಿತ್ತು. ಹಾಗೆ ಅಗೆಯುವುದೇ ತೋಳಿಗೆ, ಬೆನ್ನಿಗೆ ಒಂದು ವ್ಯಾಯಾಮ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಗರಡಿ ಮನೆ. ನಮ್ಮ ಕಡೆಯ ಗರಡಿಗಳಲ್ಲಿ ಇರುವುದು ಉಸುಕಲ್ಲ, ಜರಡಿ ಹಿಡಿದ ಕೆಂಪು ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಾರೆ. ಆದರೆ ಪದ್ಧತಿ ಅದೇ. ಬೆಳಿಗ್ಗೆ ಬಂದ ಹುಡುಗರು ಮೊದಲು ಸಲಿಕೆ ಹಿಡಿದು ಅಖಾಡದ ಮಣ್ಣನ್ನು ತಿರುವಿ ಹಾಕಬೇಕು. ಆಮೇಲೆ ದಂಡ, ಬೈಠಕ್, ಪಟ್ಟು. ಗುರುಗಳು ಹೊಸ ಹುಡುಗನನ್ನು ತಿಂಗಳುಗಟ್ಟಲೆ ಮಣ್ಣು ತಿರುವುದಕ್ಕೇ ಬಿಟ್ಟರೆ ಅದನ್ನು ಶಿಕ್ಷೆ ಎಂದು ಯಾರೂ ತಿಳಿಯುವುದಿಲ್ಲ. ಗ್ರೀಕರಿಗೂ ನಮಗೂ ಇದು ಒಬ್ಬರಿಂದ ಒಬ್ಬರಿಗೆ ಬಂದದ್ದು ಎಂದು ನಾನು ಹೇಳುತ್ತಿಲ್ಲ. ಮೆತ್ತನೆಯ ನೆಲದಲ್ಲಿ ದುಡಿದ ಮೈ ಗಟ್ಟಿಯಾಗುತ್ತದೆ ಎಂಬುದನ್ನು ಎರಡೂ ಕಡೆಯವರು ದುಡಿದೇ ತಿಳಿದುಕೊಂಡರು.

ಉಸುಕಿನ ಓಟದ ಬಗ್ಗೆ ನೇರವಾಗಿ ಬರೆದವನು ಲೂಸಿಯನ್. ಇಂದಿನ ಟರ್ಕಿ ದೇಶದಲ್ಲಿರುವ ಸಮೋಸಾಟ ಎಂಬ ಊರಿನವನು. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆಯುತ್ತಿದ್ದ. ಅವನದೊಂದು ಸಂವಾದದ ಹೆಸರು ‘ಅನಕಾರ್ಸಿಸ್’. ಅನಕಾರ್ಸಿಸ್ ಎಂಬ ಪರದೇಶಿ ಅಥೆನ್ಸ್‌ಗೆ ಬರುತ್ತಾನೆ. ಹುಡುಗರು ಕೆಸರಲ್ಲಿ, ಮರಳಲ್ಲಿ ಬಿದ್ದು ಹೊರಳಾಡುವುದನ್ನು ನೋಡಿ ಇವರಿಗೇನು ಹುಚ್ಚೇ ಎಂದು ಕೇಳುತ್ತಾನೆ. ಊರಿನ ಹಿರಿಯ ಸೋಲನ್ ಅವನಿಗೆ ಒಂದೊಂದೇ ಬಿಡಿಸಿ ಹೇಳುತ್ತಾನೆ. ಹುಡುಗರನ್ನು ಗಟ್ಟಿ ನೆಲದ ಮೇಲೆ ಓಡಿಸದೆ ಆಳವಾದ ಮರಳಿನಲ್ಲಿ ಓಡಿಸುತ್ತೇವೆ, ಅಲ್ಲಿ ಹೆಜ್ಜೆ ಊರಲು ಆಧಾರ ಸಿಗುವುದಿಲ್ಲ, ಕಾಲ ಕೆಳಗೆ ನೆಲ ಜಾರುತ್ತದೆ ಎಂಬುದು ಅವನ ವಿವರಣೆ. ಕೈಯಲ್ಲಿ ಸೀಸದ ತೂಕ ಹಿಡಿದು ಹಳ್ಳ ಹಾರುವುದನ್ನೂ ಕಲಿಸುತ್ತೇವೆ ಎನ್ನುತ್ತಾನೆ.

ಸಂವಾದ ಕಲ್ಪನೆಯದು. ಸೋಲನ್ ಬದುಕಿದ್ದು ಲೂಸಿಯನ್‌ಗಿಂತ ಏಳೆಂಟು ನೂರು ವರ್ಷ ಮೊದಲು. ಆದರೆ ಬರೆದವನಿಗೆ ಉಸುಕಿನ ಓಟ ಗೊತ್ತಿತ್ತು ಎಂಬುದರಲ್ಲಿ ಅನುಮಾನ ಇಲ್ಲ. ನಮ್ಮ ಮಾಸ್ತರು ಲಕ್ಕಿ ಗಿಡ ತೋರಿಸಿ ಹೇಳಿದ್ದನ್ನೇ ಅವನು 1800 ವರ್ಷದ ಹಿಂದೆ ಬರೆದಿಟ್ಟಿದ್ದಾನೆ.

ಪೋರ್ಟ್‌ಸೀಯ ದಿಬ್ಬ

ಈಗ ನಮ್ಮ ಅಜ್ಜಂದಿರ ಕಾಲಕ್ಕೆ, ಆಸ್ಟ್ರೇಲಿಯಾಕ್ಕೆ ಬರೋಣ. ಪರ್ಸಿ ಸೆರುಟಿ ಎಂಬವನು ಹುಟ್ಟಿದ್ದು 1895ರಲ್ಲಿ. ಮೆಲ್ಬರ್ನ್‌ನಲ್ಲಿ ಅಂಚೆ-ದೂರವಾಣಿ ಇಲಾಖೆಯ ನೌಕರ. ನಲವತ್ತರ ನಡುವಿನಲ್ಲಿ, 1939ರ ಹೊತ್ತಿಗೆ, ಅವನ ಆರೋಗ್ಯ ಪೂರ್ತಿ ಕುಸಿಯಿತು. ಕೆಲಸಕ್ಕೆ ಹೋಗಲಾರದ ಸ್ಥಿತಿ. ಅಲ್ಲಿಂದ ಊಟ ಬದಲಿಸಿ, ನಡೆದು, ಆಮೇಲೆ ಓಡಿ ಚೇತರಿಸಿಕೊಂಡ. ಕೊನೆಗೆ ಮ್ಯಾರಥಾನ್ ಓಡುವಷ್ಟು ಗಟ್ಟಿಯಾದ.

1946ರಲ್ಲಿ ಅವನು ಮೆಲ್ಬರ್ನ್‌ನ ದಕ್ಷಿಣಕ್ಕೆ ಕಡಲ ದಂಡೆಯ ಪೋರ್ಟ್‌ಸೀ ಎಂಬಲ್ಲಿ ಜಾಗ ಕೊಂಡ. ಮುಂದೆ ಅಲ್ಲೇ ಓಟಗಾರರ ಶಿಬಿರ ಕಟ್ಟಿದ. ಶಿಬಿರ ಎಂದರೆ ಅರಮನೆಯಲ್ಲ, ಮಲಗಲು ಸಾದಾ ಗುಡಿಸಲಿನಂಥ ಕಟ್ಟಡ. ಸುತ್ತ ಕಡಲು, ಪೊದೆ, ಮರಳು ದಿಬ್ಬಗಳು. ಗಡಿಯಾರ ಹಿಡಿದು ಟ್ರ್ಯಾಕ್ ಸುತ್ತುವುದರಿಂದ ಓಟಗಾರ ಆಗುವುದಿಲ್ಲ, ಪ್ರಕೃತಿಯಲ್ಲಿ ಓಡಬೇಕು ಎಂಬುದು ಸೆರುಟಿಯ ಹಟ. ಅಲ್ಲಿ ಸುಮಾರು 80 ಅಡಿ ಎತ್ತರದ ಒಂದು ಕಡಿದಾದ ಮರಳು ದಿಬ್ಬ ಇತ್ತು. ನಮ್ಮೂರಿನ ನೀರಿನ ಟ್ಯಾಂಕಿಗಿಂತ ಎತ್ತರ ಎಂದುಕೊಳ್ಳಿ. ಹುಡುಗರು ಅದನ್ನು ಓಡುತ್ತಾ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಅರವತ್ತು ದಾಟಿದ ಸೆರುಟಿ ತಾನೂ ಅವರ ಜೊತೆ ಹತ್ತುತ್ತಿದ್ದ.

ಆ ದಿಬ್ಬಕ್ಕೆ ಹೆಸರು ತಂದವನು ಹರ್ಬ್ ಎಲಿಯಟ್. ಪರ್ತ್ ನಗರದ ಹುಡುಗ, ಹುಟ್ಟಿದ್ದು 1938ರಲ್ಲಿ. 1955ರಲ್ಲಿ ಪಿಯಾನೊ ಸಾಗಿಸುವಾಗ ಅದು ಕಾಲ ಮೇಲೆ ಬಿದ್ದು ಪಾದ ಜಖಂ ಆಗಿತ್ತು. ಓಟ ಬಿಟ್ಟ ಹಾಗೇ ಆಗಿತ್ತು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ನೋಡಲು ಬಂದವನು ಮತ್ತೆ ಓಡುವ ಮನಸ್ಸು ಮಾಡಿ, ಸೆರುಟಿಯ ಕೈಕೆಳಗೆ ಪೋರ್ಟ್‌ಸೀಯಲ್ಲಿ ತಾಲೀಮು ಶುರು ಮಾಡಿದ.

ಎರಡೇ ವರ್ಷ. 1958ರ ಜುಲೈನಲ್ಲಿ ಕಾರ್ಡಿಫ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 880 ಗಜ ಮತ್ತು ಒಂದು ಮೈಲಿ ಎರಡರಲ್ಲೂ ಚಿನ್ನ ಗೆದ್ದ. ನಮ್ಮ ಮಿಲ್ಖಾ ಸಿಂಗ್ 440 ಗಜದ ಓಟದಲ್ಲಿ ಚಿನ್ನ ಗೆದ್ದದ್ದು ಅದೇ ಕೂಟದಲ್ಲಿ. ಆಗಸ್ಟ್ 6ರಂದು ಡಬ್ಲಿನ್‌ನಲ್ಲಿ ಎಲಿಯಟ್ ಒಂದು ಮೈಲಿಯನ್ನು 3 ನಿಮಿಷ 54.5 ಸೆಕೆಂಡ್‌ನಲ್ಲಿ ಓಡಿದ. ಹಳೆಯ ವಿಶ್ವದಾಖಲೆ 3 ನಿಮಿಷ 57.2 ಸೆಕೆಂಡ್. ಒಂದೇ ಏಟಿಗೆ 2.7 ಸೆಕೆಂಡ್ ಕಮ್ಮಿ. ಅದೇ ತಿಂಗಳ ಕೊನೆಗೆ 1500 ಮೀಟರಿನ ವಿಶ್ವದಾಖಲೆಯನ್ನೂ ಮುರಿದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಓಟವನ್ನು 3 ನಿಮಿಷ 35.6 ಸೆಕೆಂಡ್‌ನಲ್ಲಿ ಮುಗಿಸಿ ಚಿನ್ನ ಗೆದ್ದ. ಅದೂ ಹೊಸ ವಿಶ್ವದಾಖಲೆ. ಎರಡನೆಯವನು ಗೆರೆ ಮುಟ್ಟಿದ್ದು 2.8 ಸೆಕೆಂಡ್ ಆದ ಮೇಲೆ. ದೊಡ್ಡವರ ಸ್ಪರ್ಧೆಗಳಲ್ಲಿ 1500 ಮೀಟರ್ ಅಥವಾ ಒಂದು ಮೈಲಿಯ ಓಟದಲ್ಲಿ ಎಲಿಯಟ್ ಒಮ್ಮೆಯೂ ಸೋಲಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಎಲ್ಲವೂ ಉಸುಕಿನ ಮಹಿಮೆ ಎಂದಾಗುತ್ತದೆ. ಸುದ್ದಿಗಾರನಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಡಬ್ಲಿನ್‌ನ ಆ ಓಟದಲ್ಲಿ ಎರಡನೆಯವನಾಗಿ ಬಂದದ್ದು ಮರ್ವ್ ಲಿಂಕನ್, ಅವನೂ ಆಸ್ಟ್ರೇಲಿಯಾದವನೇ. ಅವನ ಕೋಚ್ ಫ್ರಾಂಜ್ ಸ್ಟ್ಯಾಂಪ್ಫ್ಲ್. ಈ ಕೋಚ್‌ನದು ಸೆರುಟಿಗೆ ಪೂರ್ತಿ ವಿರುದ್ಧದ ಪದ್ಧತಿ: ಗಡಿಯಾರ ಹಿಡಿದು ಟ್ರ್ಯಾಕ್ ಮೇಲೆ ಲೆಕ್ಕ ಹಾಕಿ ಓಡಿಸುವುದು. ಲಿಂಕನ್‌ನ ಸಮಯ 3 ನಿಮಿಷ 55.9 ಸೆಕೆಂಡ್. ಅದೂ ಹಳೆಯ ವಿಶ್ವದಾಖಲೆಗಿಂತ ವೇಗ. ಅಂದರೆ ಟ್ರ್ಯಾಕಿನ ದಾರಿಯಲ್ಲೂ ಬಹುತೇಕ ಅಲ್ಲಿಗೇ ಮುಟ್ಟಬಹುದಿತ್ತು. ಆದರೆ ಟ್ರ್ಯಾಕ್‌ಗೆ ದುಡ್ಡು ಬೇಕು, ಜಾಗ ಬೇಕು. ದಿಬ್ಬವನ್ನು ಕಡಲ ಗಾಳಿ ಪುಕ್ಕಟೆ ಕಟ್ಟಿಕೊಟ್ಟಿತ್ತು. ನನಗೆ ಈ ಕತೆಯಲ್ಲಿ ಮುಖ್ಯ ಅನಿಸಿದ್ದು ಅದು.

ಪಯ್ಯೋಳಿಯ ಕಡಲು

ಪುಕ್ಕಟೆ ಮೈದಾನದ ಬೆಲೆ ಎಷ್ಟು ಎಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ರೈಲು ಹತ್ತಿ ಕೋಳಿಕ್ಕೋಡ್ ಕಡೆಗೆ ಹೊರಟರೆ ದಾರಿಯಲ್ಲಿ ಪಯ್ಯೋಳಿ ಸಿಗುತ್ತದೆ. ಪಿ.ಟಿ. ಉಷಾ ಅವರನ್ನು ‘ಪಯ್ಯೋಳಿ ಎಕ್ಸ್‌ಪ್ರೆಸ್’ ಎಂದು ಕರೆದದ್ದು ಈ ಊರಿನಿಂದ.

ಉಷಾ ಹುಟ್ಟಿದ್ದು 1964ರಲ್ಲಿ. ಅವರನ್ನು ತಯಾರು ಮಾಡಿದ ಕೋಚ್ ಒ.ಎಂ. ನಂಬಿಯಾರ್, ವಾಯುಪಡೆಯಲ್ಲಿ ಇದ್ದು ಬಂದವರು. ಇವತ್ತು ಜಿಲ್ಲಾ ಕೇಂದ್ರಗಳಲ್ಲಿ ಕಾಣುವ ಕೆಂಪು ಬಣ್ಣದ ಸಿಂಥೆಟಿಕ್ ಟ್ರ್ಯಾಕ್ ಆಗ ಪಯ್ಯೋಳಿಯಂಥ ಊರಿಗೆ ಕನಸಿನ ಮಾತು. ಇದ್ದದ್ದು ಕಡಲ ದಂಡೆ. ಅಲ್ಲೇ ಓಡಿಸಿದರು. ಅಲೆ ಬಂದು ಹೋದ ಜಾಗದಲ್ಲಿ ಮರಳು ಒದ್ದೆಯಾಗಿ ಸ್ವಲ್ಪ ಗಟ್ಟಿ ಇರುತ್ತದೆ. ನಾಲ್ಕು ಮಾರು ಮೇಲೆ ಸರಿದರೆ ಒಣಗಿದ ಮರಳು, ಕಾಲು ಹೂಳುತ್ತದೆ. ಒಂದೇ ದಂಡೆಯಲ್ಲಿ ಎರಡು ನಮೂನೆಯ ನೆಲ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಉಷಾ 55.42 ಸೆಕೆಂಡ್‌ನಲ್ಲಿ ನಾಲ್ಕನೆಯವರಾಗಿ ಬಂದರು. ಕಂಚು ಗೆದ್ದ ರುಮೇನಿಯಾದ ಓಟಗಾರ್ತಿಯ ಸಮಯ 55.41. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಹೋಯಿತು. ಈ ಕತೆ ನಿಮಗೆಲ್ಲ ಗೊತ್ತು. ಮರುವರ್ಷ ಜಕಾರ್ತಾದ ಏಷ್ಯನ್ ಅಥ್ಲೆಟಿಕ್ಸ್‌ನಲ್ಲಿ ಐದು ಚಿನ್ನ, ಒಂದು ಕಂಚು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. 1985ರಲ್ಲಿ ಕೇಂದ್ರ ಸರಕಾರ ದ್ರೋಣಾಚಾರ್ಯ ಪ್ರಶಸ್ತಿ ಕೊಡಲು ಶುರು ಮಾಡಿದಾಗ ಮೊದಲ ಸಾಲಿನಲ್ಲೇ ನಂಬಿಯಾರ್ ಅವರ ಹೆಸರಿತ್ತು.

ಆ ನೂರನೇ ಒಂದು ಭಾಗದ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನಗೆ ಇನ್ನೊಂದು ಯೋಚನೆ ಬರುತ್ತದೆ. ಆ ದಂಡೆಯಲ್ಲಿ ಮರಳೇ ಇಲ್ಲದಿದ್ದರೆ ಆ ಹುಡುಗಿ ಎಲ್ಲಿ ಓಡುತ್ತಿದ್ದಳು?

ಉಸುಕು ಕಾಲಿಗೆ ಏನು ಮಾಡುತ್ತದೆ

ಮಾಸ್ತರು ಅನುಭವದಿಂದ ಹೇಳಿದ್ದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಗಟ್ಟಿ ನೆಲದ ಮೇಲೆ ಒಂದು ವೇಗದಲ್ಲಿ ನಡೆಯಲು ಎಷ್ಟು ಶಕ್ತಿ ಬೇಕೋ, ಉಸುಕಿನಲ್ಲಿ ಅದೇ ವೇಗದಲ್ಲಿ ನಡೆಯಲು ಅದರ 2.1ರಿಂದ 2.7 ಪಟ್ಟು ಬೇಕು. ಓಡುವುದಕ್ಕಾದರೆ 1.6 ಪಟ್ಟು.

ಯಾಕೆ ಹೀಗೆ? ಗಟ್ಟಿ ನೆಲವನ್ನು ಕಾಲಿನಿಂದ ಒತ್ತಿದರೆ ಅದು ಅಲುಗುವುದಿಲ್ಲ, ಒತ್ತಿದ್ದೆಲ್ಲ ಮೈಯನ್ನು ಮುಂದಕ್ಕೆ ತಳ್ಳುತ್ತದೆ. ಜೊತೆಗೆ ಹಿಮ್ಮಡಿಯ ಮೇಲಿನ ದಪ್ಪ ನರ, ಡಾಕ್ಟರರು ಸ್ನಾಯುರಜ್ಜು ಎನ್ನುವುದು, ರಬ್ಬರ್ ಪಟ್ಟಿಯ ಹಾಗೆ ಎಳೆದು ಬಿಡುತ್ತದೆ. ಹಿಂದಿನ ಹೆಜ್ಜೆಯ ಸ್ವಲ್ಪ ಶಕ್ತಿ ಮುಂದಿನ ಹೆಜ್ಜೆಗೆ ವಾಪಸ್ ಸಿಗುತ್ತದೆ. ಉಸುಕಿನಲ್ಲಿ ಹಾಗಿಲ್ಲ. ಒತ್ತಿದ ಶಕ್ತಿಯಲ್ಲಿ ಒಂದು ಪಾಲು ಉಸುಕನ್ನು ಅತ್ತಿತ್ತ ಸರಿಸುವುದಕ್ಕೇ ಹೋಗುತ್ತದೆ. ಪ್ರತಿ ಹೆಜ್ಜೆಯೂ ಹೊಸದಾಗಿ ದುಡಿಯಬೇಕು. ಅದಲ್ಲದೆ ಪಾದದ ಕೆಳಗೆ ನೆಲ ಒಂದೇ ಸಮ ಇರುವುದಿಲ್ಲ. ಕಾಲು ವಾಲದಂತೆ ಹಿಡಿಯಲು ಹಿಮ್ಮಡಿ, ಬೆರಳು, ಮೊಣಕಾಲಿನ ಸುತ್ತಲಿನ ಸಣ್ಣ ಸಣ್ಣ ಸ್ನಾಯುಗಳೂ ಕೆಲಸ ಮಾಡಬೇಕು. ಥಟ್ಟನೆ ತಿರುಗಿ ನಿಲ್ಲುವ ಚುರುಕು ಬೇಕಾದ ಕಬಡ್ಡಿ, ಕೊಕ್ಕೊ ಆಡುವವರಿಗೆ ಇದೇ ಬೇಕಾಗಿರುವುದು.

ಇನ್ನೊಂದು ಲಾಭ, ಪೆಟ್ಟು ಕಮ್ಮಿ. ಮೇಲಿನಿಂದ ಜಿಗಿದಾಗ ಉಸುಕು ಏಟನ್ನು ನುಂಗುತ್ತದೆ. ಇಟಲಿಯ ಸಂಶೋಧಕರು 2008ರಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯಿತು. ಒಂದು ಗುಂಪು ನಾಲ್ಕು ವಾರ ಹುಲ್ಲಿನ ಮೇಲೆ ಜಿಗಿತದ ತಾಲೀಮು ಮಾಡಿತು, ಇನ್ನೊಂದು ಗುಂಪು ಉಸುಕಿನ ಮೇಲೆ. ಎರಡೂ ಗುಂಪಿನವರ ಓಟ ಸುಧಾರಿಸಿತು. ಉಸುಕಿನವರಿಗೆ ಮೈಕೈ ನೋವು ಕಡಿಮೆ. ಆದರೆ ಮೊಣಕಾಲು ಮಡಿಸಿ ಥಟ್ಟನೆ ಪುಟಿಯುವ ಜಿಗಿತದಲ್ಲಿ ಹುಲ್ಲಿನವರೇ ಹೆಚ್ಚು ಮುಂದೆ ಹೋದರು. ಅಂದರೆ ಉಸುಕಿನಲ್ಲಷ್ಟೇ ತಾಲೀಮು ಮಾಡಿದರೆ ಸಾಲದು. ರಬ್ಬರ್ ಪಟ್ಟಿಯ ಪುಟಿತ ಬರಬೇಕಾದರೆ ಗಟ್ಟಿ ನೆಲವೂ ಬೇಕು. ಎಲಿಯಟ್ ಆಗಲಿ ಉಷಾ ಆಗಲಿ ಉಸುಕಿನಲ್ಲಿ ಮಾತ್ರ ಓಡಿದವರಲ್ಲ.

ನಿಮ್ಮ ಮಕ್ಕಳನ್ನು ಉಸುಕಿಗೆ ಇಳಿಸುವವರು ಒಂದೆರಡು ಮಾತು ನೆನಪಿಟ್ಟುಕೊಳ್ಳಿ. ಮೊದಲು ಒದ್ದೆ, ಗಟ್ಟಿ ಉಸುಕಿನಲ್ಲಿ ಹತ್ತು ನಿಮಿಷ, ವಾರಕ್ಕೆ ಎರಡು ದಿನ ಸಾಕು. ಒಣ ಉಸುಕಿನ ಓಟ ಆಮೇಲೆ. ಹಿಮ್ಮಡಿ ಮೇಲಿನ ನರ ನೋಯುತ್ತಿದ್ದರೆ, ಕಾಲು ಉಳುಕಿದ್ದರೆ ಬೇಡವೇ ಬೇಡ. ಬರಿಗಾಲಲ್ಲಿ ಓಡುವ ಮುಂಚೆ ಗಾಜು, ಮುಳ್ಳು, ಮೀನಿನ ಗಾಳ ಆರಿಸಿ ತೆಗೆಯಿರಿ. ಇನ್ನು ಹೊಳೆಯ ಮಾತು. ಯಂತ್ರದಿಂದ ಉಸುಕು ತೆಗೆದ ಕಡೆ ನೀರಿನ ಕೆಳಗೆ ಆಳ ಗುಂಡಿ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಅಂಥ ಗುಂಡಿಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ನಾನೇ ನನ್ನ ಕೈಯಿಂದ ಬರೆದಿದ್ದೇನೆ. ದೊಡ್ಡವರಿಲ್ಲದೆ ಮಕ್ಕಳನ್ನು ಹೊಳೆಗೆ ಕಳಿಸಬೇಡಿ.

ಎರಡೂವರೆ ಬ್ರಾಸ್

ಈ ಲೇಖನ ಬರೆಯುವ ಮೊದಲು ನಮ್ಮ ಮಾಸ್ತರು ಓಡಿಸುತ್ತಿದ್ದ ಜಾಗಕ್ಕೆ ಹೋಗಿ ಬಂದೆ. ಲಕ್ಕಿ ಗಿಡ ಇಲ್ಲ. ನಾವು ಓಡಿದ ಕಡೆ ಈಗ ಕಲ್ಲು ಬಂಡೆ ಎದ್ದಿವೆ, ನಡುವೆ ಹಸಿರು ನೀರು ನಿಂತ ಗುಂಡಿಗಳು. ಟ್ರ್ಯಾಕ್ಟರ್ ಇಳಿಯುವ ದಾರಿ ಮಾತ್ರ ಚೆನ್ನಾಗಿದೆ. ಮೂವತ್ತು ಹೆಜ್ಜೆ ಒಂದೇ ಸಮ ಓಡುವಷ್ಟು ಉಸುಕು ನನಗೆ ಸಿಗಲಿಲ್ಲ.

ಉಸುಕು ಹೋದರೆ ಅಂತರ್ಜಲ ಇಳಿಯುತ್ತದೆ, ಸೇತುವೆಯ ಬುಡ ಸಡಿಲವಾಗುತ್ತದೆ, ದಂಡೆಯ ಹೊಲ ಕುಸಿಯುತ್ತದೆ. ಇದನ್ನೆಲ್ಲ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಮನೆ ಕಟ್ಟಲು ಉಸುಕು ಬೇಕು ಎಂಬುದೂ ಸುಳ್ಳಲ್ಲ. ನಮ್ಮ ಮನೆಯ ಗೋಡೆಯಲ್ಲೂ ಅದೇ ಹೊಳೆಯ ಉಸುಕಿದೆ. ಆದರೆ ಮೈದಾನ ಇಲ್ಲದ ನೂರಾರು ಹಳ್ಳಿ ಮಕ್ಕಳಿಗೆ ಆ ಹೊಳೆಯೇ ಮೈದಾನ ಆಗಿತ್ತು ಎಂಬುದು ಯಾವ ಇಲಾಖೆಯ ನಷ್ಟದ ಪಟ್ಟಿಯಲ್ಲೂ ಬರುವುದಿಲ್ಲ.

ಹೋದ ಹೊಳೆಯನ್ನು ನಾಳೆ ಬೆಳಿಗ್ಗೆ ವಾಪಸ್ ತರಲು ನಮ್ಮಿಂದ ಆಗದು. ಶಾಲೆಯ ಲಾಂಗ್ ಜಂಪ್ ಹೊಂಡ ತುಂಬಿಸಲು ಆಗುತ್ತದೆ. ಲೆಕ್ಕ ನೋಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೊಂಡದ ಅಗಲ ಕನಿಷ್ಠ 2.75 ಮೀಟರ್, ಅಂದರೆ ಒಂಬತ್ತು ಅಡಿ. ಒಳಗೆ ಮೆತ್ತನೆಯ, ತುಸು ಒದ್ದೆಯಾದ ಉಸುಕು ಇರಬೇಕು. ಒಂಬತ್ತು ಅಡಿ ಅಗಲ, ಇಪ್ಪತ್ತಾರು ಅಡಿ ಉದ್ದ, ಒಂದು ಅಡಿ ಆಳ ಎಂದು ಹಿಡಿದರೆ 234 ಘನ ಅಡಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಎರಡೂವರೆ ಬ್ರಾಸ್ ಉಸುಕಿಗೂ ಕಮ್ಮಿ. ಅವತ್ತು ಸಂಜೆ ನಾನು ಎಣಿಸಿದ ಏಳು ಟ್ರ್ಯಾಕ್ಟರ್‌ಗಳಲ್ಲಿ ಮೂರು ಸಾಕಾಗುತ್ತಿತ್ತು.

ಅಕ್ರಮವಾಗಿ ಸಾಗಿಸುವಾಗ ಜಪ್ತಿಯಾದ ಉಸುಕನ್ನು ಸರಕಾರಿ ಕಾಮಗಾರಿಗೆ ಕೊಡುತ್ತಾರೆ, ಇಲ್ಲವೇ ಹರಾಜು ಹಾಕುತ್ತಾರೆ. ಅದರಲ್ಲಿ ಮೂರು ಲೋಡ್ ಶಾಲೆಗೆ ಕೊಡಿ ಎಂದು ಎಸ್‌ಡಿಎಂಸಿಯವರು ಒಂದು ಅರ್ಜಿ ಬರೆದು, ಗ್ರಾಮ ಪಂಚಾಯಿತಿಯ ಠರಾವು ಮಾಡಿಸಿ, ತಹಶೀಲ್ದಾರರಿಗೆ ಕೊಟ್ಟರೆ ತಪ್ಪೇನಿಲ್ಲ. ಒಂದು ಎಚ್ಚರಿಕೆ: ಎಂ-ಸ್ಯಾಂಡ್ ಹಾಕಿಸಬೇಡಿ. ಅದು ಕಲ್ಲು ಒಡೆದು ಮಾಡಿದ್ದು, ಕಣ ಚೂಪಾಗಿರುತ್ತದೆ. ಅದರ ಧೂಳು ನೀರು ಕುಡಿದು ಗಟ್ಟಿಯಾಗುತ್ತದೆ. ಕಟ್ಟಡಕ್ಕೆ ಸರಿ, ಮಕ್ಕಳ ಮಂಡಿಗಲ್ಲ. ಹೊಂಡ ತುಂಬಿಸಿದ ಮೇಲೆ ವಾರಕ್ಕೊಮ್ಮೆ ಮಕ್ಕಳ ಕೈಯಲ್ಲೇ ಸಲಿಕೆಯಿಂದ ತಿರುವಿ ಹಾಕಿಸಿ. ಗ್ರೀಕರ ಪಿಕಾಸಿ, ನಮ್ಮ ಗರಡಿಯ ಸಲಿಕೆ ಮಾಡಿದ ಕೆಲಸವೇ ಅದು.

ಕಾಲು ಉಳುಕಿದ ಆ ಹುಡುಗಿಯ ಶಾಲೆಯವರು ಇಂಥ ಒಂದು ಅರ್ಜಿ ಬರೆದಿದ್ದಾರೆ. ಪಂಚಾಯಿತಿ ಠರಾವು ಆಗಿದೆ. ಉಸುಕು ಇನ್ನೂ ಬಂದಿಲ್ಲ. ಹುಡುಗಿಯ ಕಾಲು ಸರಿಯಾಗಿದೆ, ಈಗ ಎಂಟನೇ ತರಗತಿ. ಮೊನ್ನೆ ಸಿಕ್ಕಾಗ ಈ ಸಲವೂ ಹಾರುತ್ತೀಯಾ ಎಂದು ಕೇಳಿದೆ.

“ಉಸುಕು ಹಾಕಿದರೆ ಹಾರ್ತೀನಿ ಸರ್” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಹಾಕದಿದ್ದರೂ ಹಾರ್ತೀನಿ” ಎಂದಳು.